ಬೊಡ್ಡಜ್ಜನ ಅಂಗಳದಲ್ಲಿ ಪುಟ್ಟ ಕಾಲುಗಳು

ಮಗ ನಡೆಯಲು ತಡ ಮಾಡಿದ. ಓರಗೆಯ ಮಕ್ಕಳೆಲ್ಲ ಅಂಗಳಕ್ಕಿಳಿದು ಓಡುವಾಗಲೂ ಇವನು ಕುಂಡೆ ಎಳೆದುಕೊಂಡೇ ಮನೆಯಿಡೀ ಸುತ್ತುತ್ತಿದ್ದ. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ, ಸ್ವಲ್ಪ ಕಾಯಿರಿ ಅಂದರು. ನಾವು ಕಾದೆವು. ಅತ್ತೆ ಕಾಯುವುದರ ಜೊತೆಗೆ ಕಾಸರಗೋಡಿನ ಮಧೂರು ದೇವಸ್ಥಾನಕ್ಕೆ ಅಪ್ಪದ ಹರಕೆಯನ್ನೂ ಹೇಳಿಕೊಂಡರು. "ಗಣಪತಿ ದೇವರೇ, ಇವನ ಕಾಲು ಊರುವ ಹಾಗೆ ಮಾಡು. ನಿನ್ನ ನಡೆಗೆ ನಡೆಸಿಕೊಂಡೇ ಬರ್ತೇನೆ" ಅಂತ.

ನಡೆದ. ನಡೆದದ್ದೆಂತ, ಓಡಿಯೇ ಬಿಟ್ಟ. ಹರಕೆ ತೀರಿಸಲು ಹೊರಟಾಗ ನಾದಿನಿಯ ಮೂರು ವರ್ಷದ ಮಗಳೂ ಜೊತೆಗೆ ಸೇರಿಕೊಂಡಳು. ಸಣ್ಣ ಮಕ್ಕಳನ್ನು ಕಟ್ಟಿಕೊಂಡು ದೇವಸ್ಥಾನಕ್ಕೆ ಹೋದವರಿಗೆ ಗೊತ್ತು, ಮನೆಯಿಂದ ಹೊರಡುವುದೇ ಅರ್ಧ ಯಾತ್ರೆ. ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಒಬ್ಬನಿಗೆ ಉಚ್ಚೆ, ಇನ್ನೊಬ್ಬಳಿಗೆ ಹಸಿವು. ಬೆಳಗಿನ ಪೂಜೆ ಸಿಗಬೇಕೆಂದು ಹಟ ಹಿಡಿದರೆ ಮನೆಯಲ್ಲೇ ಜಗಳ. ಸಿಕ್ಕ ಪೂಜೆಯೇ ನಮ್ಮ ಪೂಜೆ ಅಂದುಕೊಂಡರೆ ಸುಖ.

ಕಾಸರಗೋಡು ಪೇಟೆಯಿಂದ ಮಧೂರಿಗೆ ಸುಮಾರು 8 ಕಿಲೋಮೀಟರ್. ಬಸ್ಸಿನ ಬೋರ್ಡು ಮಲಯಾಳದಲ್ಲಿ. ಅತ್ತೆಗೆ ಅದರ ಒಂದಕ್ಷರವೂ ಬಾರದು, ಆದರೂ ಮಧೂರಿನ ಬಸ್ಸು ಅವರಿಗೆ ಯಾವತ್ತೂ ತಪ್ಪಿದ್ದಿಲ್ಲ. ಕಿಟಕಿ ಪಕ್ಕ ಕೂತಿದ್ದ ಹೆಂಗಸು "ವಾ ಮೋನೇ" ಅಂತ ಮಗನನ್ನು ಮಡಿಲಿಗೆ ಎಳೆದುಕೊಂಡಳು. ಅವಳಿಗೆ ಕನ್ನಡ ಬಾರದು, ಇವನಿಗೆ ಯಾವ ಭಾಷೆಯೂ ಸರಿಯಾಗಿ ಬಾರದು. ಮಧೂರು ಬರುವವರೆಗೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಮುಂದೆ ಮಧುವಾಹಿನಿ ಹೊಳೆ, ಈಚೆ ಮೂರು ಅಂತಸ್ತಿನ, ಆನೆಯ ಬೆನ್ನಿನಾಕಾರದ ಗಜಪೃಷ್ಠದ ಗುಡಿ. ಮಳೆಗಾಲದಲ್ಲಿ ಹೊಳೆ ತುಂಬಿ ದೇವಸ್ಥಾನದ ಅಂಗಳಕ್ಕೇ ನೀರು ಬರುವುದುಂಟು. ನಾವು ಹೋದಾಗ ಅಂಗಳ ಒಣಗಿತ್ತು. ಅಷ್ಟು ದೊಡ್ಡ ಅಂಗಳ ನೋಡಿದ್ದೇ ತಡ, ಇವನು ನನ್ನ ಕೈ ಬಿಡಿಸಿಕೊಂಡು ಓಡಿದ. ಹಿಂದೆಯೇ ಅವಳು. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು "ಮಕ್ಕಳನ್ನು ಸ್ವಲ್ಪ ಹಿಡ್ಕೊಳ್ಳಿ, ದೇವಸ್ಥಾನ ಇದು" ಅಂದರು. ಅತ್ತೆ ತಿರುಗಿ ನೋಡಿ, "ಅಣ್ಣಾ, ಇವನನ್ನು ನಡೆಸಿದ್ದೇ ಒಳಗಿರುವವನು. ಈಗ ನಿಲ್ಲಿಸಲಿಕ್ಕೆ ನಮ್ಮಿಂದಾಗ್ತದಾ?" ಅಂದರು. ಅವರು ನಕ್ಕರೋ ಸಿಟ್ಟಾದರೋ ನೋಡಲು ನನಗೆ ಪುರುಸೊತ್ತಿರಲಿಲ್ಲ.

ಮಧೂರಿನಲ್ಲಿ ನಿಂತು ಮಕ್ಕಳಿಗೆ 'ಶ್ಶ್' ಅನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಪ್ರಧಾನ ದೇವರು ಮದನಂತೇಶ್ವರ, ಅಂದರೆ ಶಿವ. ಆದರೂ ಊರಿಗೆಲ್ಲ ಇದು ಗಣಪತಿಯ ಮಧೂರು. ಅದು ಹಾಗಾದದ್ದು ಒಬ್ಬ ಹುಡುಗನಿಂದ ಅಲ್ವಾ? ಆಟ ಆಡುತ್ತಾ ಗರ್ಭಗುಡಿಯ ತೆಂಕಣ ಗೋಡೆಯ ಮೇಲೆ ಗಣಪತಿಯ ಚಿತ್ರ ಬರೆದ. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಬಂತು. ಮಕ್ಕಳು 'ಬೊಡ್ಡಜ್ಜ' ಅಂತ ಕರೆದರು. ಇವತ್ತು ಯಾವುದಾದರೂ ಮಗು ಗರ್ಭಗುಡಿಯ ಗೋಡೆಗೆ ಗೀಚಲು ಹೋಗಲಿ, ನೋಡೋಣ. ಮೊದಲು ಮಗುವಿನ ಬೆನ್ನಿಗೆ ಎರಡು ಬೀಳುತ್ತದೆ, ಆಮೇಲೆ ಗೋಡೆಗೆ ಸುಣ್ಣ.

ನಡೆಯಲ್ಲಿ, ದೇವರ ಎದುರು ನಿಂತಾಗ ಮಗನನ್ನು ಎತ್ತಿಕೊಂಡೆ. ದೀಪದ ಬೆಳಕಿನಲ್ಲಿ ಬೊಡ್ಡಜ್ಜನ ಹೊಟ್ಟೆ ಕಂಡಿತು. ಇವನು ಒಂದು ಗಳಿಗೆ ಸುಮ್ಮನೆ ನೋಡಿದ. ಆಮೇಲೆ ತನ್ನ ಅಂಗಿ ಎತ್ತಿ, ತನ್ನ ಹೊಟ್ಟೆ ತೋರಿಸಿ, ಎರಡು ಸಲ ತಟ್ಟಿದ. ಅತ್ತೆಗೆ ಅಳುವೂ ನಗುವೂ ಒಟ್ಟಿಗೇ ಬಂತು. ನಾನು ಎಷ್ಟೋ ಸಲ ಅದೇ ನಡೆಯಲ್ಲಿ ಕಣ್ಣು ಮುಚ್ಚಿ ಏನೇನೋ ಬೇಡಿಕೊಂಡಿದ್ದೇನೆ. ಹೀಗೆ ಸಲಿಗೆಯಿಂದ ಮಾತಾಡಿಸಲು ಬಂದದ್ದಿಲ್ಲ.

ಆಮೇಲೆ ಅಪ್ಪದ ಪ್ರಸಾದ. ಮಧೂರಿನ ಅಪ್ಪ ಕೈಗೆ ಬಂದರೆ ನನಗೆ ನನ್ನ ಅಜ್ಜಿಯ ಕೆನ್ನೆ ನೆನಪಾಗುತ್ತದೆ. ಬಿಸಿ ಅಪ್ಪವನ್ನು ಎರಡು ಮಾಡಿ, ಊದಿ, ತುಂಡನ್ನು ತನ್ನ ಕೆನ್ನೆಗೆ ತಾಗಿಸಿ ನೋಡಿಯೇ ಅವಳು ಮಕ್ಕಳ ಬಾಯಿಗೆ ಕೊಡುತ್ತಿದ್ದದ್ದು. ತುಟಿಗೆ ತಾಗಿಸಿದರೆ ಎಂಜಲು, ಕೆನ್ನೆಗಾದರೆ ಅಡ್ಡಿಯಿಲ್ಲ ಎಂಬುದು ಅವಳದೇ ಶಾಸ್ತ್ರ. ಅಂಚು ಕೆಂಪಗೆ ಕರುಕಲು, ಒಳಗೆ ಮೆತ್ತಗೆ, ಬೆಲ್ಲ ಕಾದ ಪರಿಮಳ. ಹತ್ತು ಮೊಮ್ಮಕ್ಕಳಿಗೆ ಹಂಚಿ ಮುಗಿಯುವಾಗ ಅಜ್ಜಿಯ ಬಲಗೆನ್ನೆ ಜಿಡ್ಡಿನಿಂದ ಮಿರಮಿರ ಮಿಂಚುತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಅವಳ ಮಡಿಲಲ್ಲಿ ಮಲಗಿದರೆ ಅದೇ ಪರಿಮಳ. ಅವಳು ಹೋಗಿ ವರ್ಷಗಳಾದವು. ಮುಖ ಈಗ ಫೋಟೋ ನೋಡಿದರೆ ಮಾತ್ರ ಸರಿಯಾಗಿ ನೆನಪಾಗುವುದು. ಆ ಕೆನ್ನೆಗೆ ಫೋಟೋ ಬೇಡ.

1992ರ ಮೂಡಪ್ಪ ಸೇವೆಗೆ ಅಜ್ಜಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿದ್ದಳಂತೆ. ದೇವರನ್ನೇ ಅಪ್ಪದಲ್ಲಿ ಮುಚ್ಚುವ ಸೇವೆ. ನನಗೆ ಏನೂ ನೆನಪಿಲ್ಲ, ಆದರೆ ಹೇಳಿ ಹೇಳಿ ನಾನೇ ಕಂಡ ಹಾಗಾಗಿದೆ. ಮತ್ತೆ ಮೂಡಪ್ಪ ಆದದ್ದು 2025ರಲ್ಲಿ, ಬ್ರಹ್ಮಕಲಶದ ಹೊತ್ತಿಗೆ. ಆಗ ಮಗ ಇನ್ನೂ ಕೈಗೂಸು. ಏಪ್ರಿಲ್ ತಿಂಗಳ ಸೆಕೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಅವನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಕರೆದುಕೊಂಡು ಹೋಗಲು ಧೈರ್ಯವಿಲ್ಲ. ಮನೆಯಲ್ಲೇ ಕೈಮುಗಿದೆ. ಅಜ್ಜಿಯಾಗಿದ್ದರೆ ಸೊಂಟಕ್ಕೇರಿಸಿ ಹೊರಟೇ ಬಿಡುತ್ತಿದ್ದಳು.

ಒಂದು ಮಾತು ಹೇಳಲೇಬೇಕು. ಅಂಗಳದಲ್ಲಿ ನಮ್ಮ ಮಕ್ಕಳಷ್ಟೇ ಸಣ್ಣವರು ಇನ್ನೂ ಕೆಲವರಿದ್ದರು. ಅವರೆಲ್ಲ ಬಹಳ ಸಭ್ಯರು. ಯಾಕೆಂದರೆ ಕೈಯಲ್ಲಿ ಮೊಬೈಲ್. ಒಂದು ಮಗುವಂತೂ ಮಂಗಳಾರತಿಯ ಗಂಟೆಗೂ ತಲೆ ಎತ್ತಲಿಲ್ಲ. ಆ ತಾಯಿಯನ್ನು ಬೈಯುವುದಿಲ್ಲ ನಾನು. ಸುತ್ತ ನಿಂತವರು ಕಣ್ಣು ಬಿಟ್ಟರೆ ಅವಳಾದರೂ ಏನು ಮಾಡಿಯಾಳು? ನಾವೇ ದೊಡ್ಡವರು ಮಕ್ಕಳ ಗದ್ದಲ ಬೇಡ ಅಂತೇವೆ, ಮತ್ತೆ ನಾವೇ, ಈಗಿನ ಮಕ್ಕಳಿಗೆ ದೇವರು ದಿಂಡರು ಬೇಡ ಅಂತೇವೆ. ಕಥೆ ಹೇಳುವವರು ಜೊತೆಗಿದ್ದರೆ ಮೊಬೈಲ್ ಚೀಲದಲ್ಲೇ ಇರುತ್ತದೆ. ಇದನ್ನು ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನದಲ್ಲಿ ಕಣ್ಣಾರೆ ಕಂಡೆ.

ಅಲ್ಲಿಗೆ ಹೋದದ್ದು ಮಾರನೆಯ ದಿನ. ಹುಡುಗಿಗೆ ಮೊಸಳೆ ನೋಡಬೇಕಿತ್ತು. ನೈವೇದ್ಯದ ಅನ್ನ ತಿಂದುಕೊಂಡು ಎಷ್ಟೋ ಕಾಲ ಆ ಕೆರೆಯಲ್ಲಿದ್ದ ಬಬಿಯ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಮಗೆ ಮಾತ್ರ ಕಾಣಲಿಲ್ಲ. ಅವಳು ಕೆರೆಕಟ್ಟೆಯಲ್ಲೇ ಕೂತು ಜೋರಾಗಿ ಅಳಲು ಶುರು ಮಾಡಿದಳು. ಅತ್ತೆ ಪಕ್ಕದಲ್ಲಿ ಕೂತು, ಮೂಲೆಯ ಗುಹೆಯ ಕಡೆ ಕೈ ತೋರಿಸಿ, ಹಿಂದೆ ಇಲ್ಲಿ ತಪಸ್ಸು ಮಾಡಿದ ವಿಲ್ವಮಂಗಲ ಸ್ವಾಮಿಗಳ ಕಥೆ ತೆಗೆದರು. ಎಲ್ಲಿಂದಲೋ ಬಂದ ಹುಡುಗ. ನನಗೆ ಅವಮಾನ ಮಾಡಿದರೆ ಆ ಕ್ಷಣವೇ ಹೊರಟು ಹೋಗ್ತೇನೆ ಅಂತ ಮೊದಲೇ ಹೇಳಿದ್ದ. ಸ್ವಾಮಿಗಳ ಚಾಕರಿಯನ್ನೂ ಮಾಡುತ್ತಿದ್ದ, ಕೀಟಲೆಯನ್ನೂ ಮಾಡುತ್ತಿದ್ದ. ಒಂದು ದಿನ ಪೂಜೆಯ ಹೊತ್ತಿಗೆ ಕೀಟಲೆ ಜಾಸ್ತಿಯಾಯಿತು. ಸ್ವಾಮಿಗಳು ಕೈಯಿಂದ ಆಚೆ ದೂಡಿದರು. ಅಷ್ಟೇ, ಹುಡುಗ ಆ ಗುಹೆಯೊಳಗೆ ಮಾಯ. ನನ್ನನ್ನು ನೋಡಬೇಕಾದರೆ ಅನಂತನ ಕಾಡಿಗೆ ಬಾ ಅಂತ ಹೇಳಿ ಹೋದ. ಅವನು ದೇವರೇ ಅಂತ ಸ್ವಾಮಿಗಳಿಗೆ ಆಗ ಗೊತ್ತಾಯಿತು. ಅಷ್ಟು ದೊಡ್ಡ ತಪಸ್ವಿ, ಒಂದು ಸಲ ದೂಡಿದ್ದಕ್ಕೆ ಆ ಕಾಡಿದ್ದ ತಿರುವನಂತಪುರದವರೆಗೆ ಹುಡುಕಿಕೊಂಡು ಹೋಗಬೇಕಾಯಿತು.

ಹುಡುಗಿಯ ಅಳು ಯಾವಾಗಲೋ ನಿಂತಿತ್ತು. ಗುಹೆಯನ್ನೇ ನೋಡುತ್ತಾ ಕೇಳಿದಳು, "ಅಜ್ಜೀ, ಅವನು ಊಟ ಮಾಡಿ ಹೋದನಾ?"

ಅತ್ತೆ ಇದಕ್ಕೆ ತಯಾರಿರಲಿಲ್ಲ. ಸ್ವಲ್ಪ ಯೋಚಿಸಿ, "ಇಲ್ಲ ಮಗಾ, ಪೂಜೆ ಮುಗಿದಿರಲಿಲ್ಲವಲ್ಲ. ಅದಕ್ಕೇ ಇಲ್ಲಿ ಈಗಲೂ ದಿನಾ ನೈವೇದ್ಯ ಇಡುವುದು" ಅಂದರು.

ಅವಳಿಗೆ ಅದು ಸರಿ ಅನಿಸಿತು. "ಹಾಗಾದರೆ ನನಗೂ ಹಸಿವು" ಅಂತ ಎದ್ದು ನಿಂತಳು.