ಮದುವೆಗೆ ಹದಿಮೂರು ವಾರ: ತಂಗಿಯ ಮುಖದ ದಿನಚರಿ

ಫೆಬ್ರುವರಿ 8

ಚಿಕ್ಕಪ್ಪನ ಮಗಳ ಮದುವೆ ಮೇ 10ರಂದು ಮೈಸೂರಿನಲ್ಲಿ, ಅಭಿಜಿನ್ ಲಗ್ನದಲ್ಲಿ ನಡೆಯಲಿದೆ. ಆರತಕ್ಷತೆ ಹಿಂದಿನ ದಿನದ ಸಂಜೆಗೆ, ಅರಿಶಿನ ಶಾಸ್ತ್ರ ಅದೇ ದಿನದ ಬೆಳಿಗ್ಗೆಗೆ ಗೊತ್ತಾಗಿದೆ. ಅಂದರೆ ಅರಿಶಿನ ಮೆತ್ತಿಸಿಕೊಂಡ ಮುಖವೇ ಹದಿನೆಂಟು ಗಂಟೆಗಳೊಳಗೆ ಎರಡು ಬಾರಿ ಪೂರ್ಣ ಮೇಕಪ್ಪನ್ನು ಹೊರಬೇಕು. ಮೇಕಪ್ ನನ್ನ ವೃತ್ತಿಯಲ್ಲ, ಬಂಧುಗಳ ಮದುವೆಗಳಲ್ಲಿ ಬೆಳೆಸಿಕೊಂಡ ಹವ್ಯಾಸ. ಈ ಬಾರಿ ಬರೆದಿಟ್ಟುಕೊಂಡೇ ಮಾಡಬೇಕೆಂದು ನಿಶ್ಚಯಿಸಿದ್ದೇನೆ.

ಬೆಳಿಗ್ಗೆ ಎಂಟಕ್ಕೆ ಅವಳನ್ನು ಪೂರ್ವದ ಕಿಟಕಿಯ ಬಳಿ ಕೂರಿಸಿ ನೋಡಿದೆ. ಕೆನ್ನೆಗಳ ಮೇಲೆ ಕೆಂಪು, ಮೂಗಿನ ಪಕ್ಕದಲ್ಲಿ ದಾರದ ಎಳೆಯಂತೆ ಕಾಣುವ ಸಣ್ಣ ರಕ್ತನಾಳಗಳು, ಗಲ್ಲದಲ್ಲಿ ಒತ್ತಾದ ಸಣ್ಣ ಗುಳ್ಳೆಗಳು, ಬಾಯಿಯ ಸುತ್ತ ಸುಲಿಯುತ್ತಿರುವ ಚರ್ಮ. ಬಣ್ಣದ ವ್ಯತ್ಯಾಸವನ್ನು ಫೌಂಡೇಶನ್ ಮುಚ್ಚುತ್ತದೆ, ಉಬ್ಬುತಗ್ಗನ್ನು ಮುಚ್ಚುವುದಿಲ್ಲ. ಸುಲಿದ ಅಂಚಿಗಂತೂ ಅದು ಅಂಟಿಕೊಂಡು ಇಲ್ಲದ ದೋಷವನ್ನೂ ಎತ್ತಿ ತೋರಿಸುತ್ತದೆ.

ಮುಖಕ್ಕೆ ಹಚ್ಚುವುದೆಲ್ಲವನ್ನೂ ತಂದು ಚಾಪೆಯ ಮೇಲಿಡಲು ಹೇಳಿದೆ. ಹನ್ನೊಂದು ವಸ್ತುಗಳು ಬಂದವು. ಹನ್ನೊಂದನೆಯದನ್ನು ಅವಳು ಸ್ವಲ್ಪ ಸಂಕೋಚದಿಂದಲೇ ಇಟ್ಟಳು: ಗೆಳತಿ ಹೇಳಿದಳೆಂದು ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ಕೊಂಡು, ಐದು ತಿಂಗಳಿಂದ ಪ್ರತಿ ರಾತ್ರಿ ಹಚ್ಚುತ್ತಿದ್ದ ಒಂದು ಸಣ್ಣ ಟ್ಯೂಬು. ಹಿಂಬದಿಯ ಸಣ್ಣಕ್ಷರದಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿತ್ತು. ಕೊನೆಯದು ಸ್ಟೀರಾಯ್ಡ್. ಇಂತಹ ಲೇಪ ಮೊದಲ ಕೆಲವು ವಾರ ಮುಖವನ್ನು ಬೆಳ್ಳಗೆ, ನಯವಾಗಿ ಮಾಡಿ ನಂಬಿಕೆ ಗಳಿಸುತ್ತದೆ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ನಾನು ಕಿಟಕಿಯ ಬಳಿ ಕಂಡ ಎಲ್ಲವೂ ಒಂದೊಂದಾಗಿ ಹೊರಬರುತ್ತದೆ. ನಾನು ಬರೆದುಕೊಂಡು ಬಂದಿದ್ದ ವೇಳಾಪಟ್ಟಿಯನ್ನು ಮಡಚಿಟ್ಟು, ಚರ್ಮರೋಗ ತಜ್ಞರ ಬಳಿ ಹೋಗಲು ಸಮಯ ಗೊತ್ತುಪಡಿಸಿದೆವು.

ಫೆಬ್ರುವರಿ 22

ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಿದರೆ ಮುಖ ಸಿಡಿದೇಳಬಹುದೆಂದು ವೈದ್ಯರು ಹಂತಹಂತವಾಗಿ ಬಿಡಿಸುತ್ತಿದ್ದಾರೆ. ಉಳಿದ ಹತ್ತರಲ್ಲಿ ಮೂರು ಮಾತ್ರ ಉಳಿದವು: ನೊರೆ ಕಡಿಮೆಯಿರುವ ಮೃದು ಫೇಸ್‌ವಾಶ್, ಸೆರಾಮೈಡ್ ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ನಿಂಬೆರಸ, ಅಡುಗೆ ಸೋಡಾ, ಸಕ್ಕರೆಯ ಸ್ಕ್ರಬ್ ಎಲ್ಲವೂ ಅಡುಗೆಮನೆಗೆ ಹಿಂತಿರುಗಿದವು. ನಿಂಬೆರಸದ ಹುಳಿ ಚರ್ಮದ ಸಹಜ ಹುಳಿಗಿಂತ ಬಹಳ ತೀಕ್ಷ್ಣವಾದುದು, ಸೋಡಾ ಅದರ ವಿರುದ್ಧ ದಿಕ್ಕಿನದು. ಒಂದರ ಮೇಲೊಂದನ್ನು ಹಚ್ಚಿ ಹೊಳಪು ಬಂತೆಂದು ಅವಳು ಸಂತೋಷಪಟ್ಟಿದ್ದಳು.

ಈ ಎರಡು ವಾರ ಮುಖ ಇನ್ನಷ್ಟು ಕೆಂಪಾಗಿದೆ. "ಅಕ್ಕ, ಇದಕ್ಕಿಂತ ಮೊದಲಿನದೇ ವಾಸಿ ಇತ್ತಲ್ಲ" ಎಂದು ರಾತ್ರಿ ಹನ್ನೊಂದಕ್ಕೆ ಫೋನು ಬಂತು. ವೈದ್ಯರು ಮೊದಲೇ ಎಚ್ಚರಿಸಿದ್ದರೆಂಬುದನ್ನು ನೆನಪಿಸಿದೆನಾದರೂ, ಫೋನಿಟ್ಟ ಮೇಲೆ ನನಗೂ ನಿದ್ದೆ ಬರಲಿಲ್ಲ.

ಮಾರ್ಚ್ 22

ಒಂದೇ ಕಿಟಕಿ, ಒಂದೇ ಹೊತ್ತು, ಒಂದೇ ಫೋನಿನಲ್ಲಿ ತೆಗೆದ ಆರು ವಾರಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದಾಗ ಗಲ್ಲದ ಗುಳ್ಳೆಗಳು ಕಡಿಮೆಯಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು 4 ವಾರ ಬೇಕಾಗುವುದರಿಂದ, ಮದುವೆಗೆ ಹತ್ತು ದಿನವಿರುವಾಗ ಆರಂಭಿಸುವ ಉಪಚಾರಗಳಿಂದ ನನಗೆ ಹೆಚ್ಚಿನ ನಿರೀಕ್ಷೆಯಿಲ್ಲ. ಸನ್‌ಸ್ಕ್ರೀನನ್ನು ಎರಡು ಬೆರಳುಗಳ ಉದ್ದಕ್ಕೆ ಹಿಂಡಿ ಮುಖ ಮತ್ತು ಕುತ್ತಿಗೆಗೆ ಹಚ್ಚುವ ಅಭ್ಯಾಸ ಈಗ ಅವಳಿಗೆ ಬಂದಿದೆ.

ಚಿಕ್ಕಮ್ಮನ ಆತಂಕ ಬೇರೆ. ಟ್ಯೂಬು ಬಿಟ್ಟ ಮೇಲೆ ಮಗಳು ಕಪ್ಪಾದಳೆಂದು ಅವರು ಕೊರಗುತ್ತಿದ್ದಾರೆ. ಕಪ್ಪಾಗಿಲ್ಲ, ಹುಟ್ಟಿದ ಬಣ್ಣ ಮರಳುತ್ತಿದೆ ಎಂದು ಎರಡು ಸಲ ಹೇಳಿದೆ. ಫೌಂಡೇಶನ್ನಿನ ಬಣ್ಣವನ್ನು ಅವಳ ಕುತ್ತಿಗೆಗೆ ಹೊಂದಿಸಿಯೇ ಆರಿಸುತ್ತೇನೆ. ಮುಖವೊಂದೇ ಎರಡು ಮೆಟ್ಟಿಲು ಬೆಳ್ಳಗಾಗಿ ಕುತ್ತಿಗೆ ಬೇರೆಯವರದೆಂಬಂತೆ ಕಾಣುವ ಮದುವೆಯ ಆಲ್ಬಮ್ಮುಗಳು ನಮ್ಮ ಮನೆಯಲ್ಲಿ ಈಗಾಗಲೇ ಸಾಕಷ್ಟಿವೆ.

ಏಪ್ರಿಲ್ 12

ಉಳಿದ ಕಲೆಗಳಿಗೆ ವೈದ್ಯರು ಅಜೆಲಾಯಿಕ್ ಆಮ್ಲದ ಲೇಪವನ್ನು ಬರೆದುಕೊಟ್ಟಿದ್ದಾರೆ. ಇಂದು ಮೊದಲ ಟ್ರಯಲ್ ಮೇಕಪ್ ಮಾಡಿದೆ, ಅದು ಕೆಟ್ಟಿತು. ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಫೌಂಡೇಶನ್ನಿಗೆ ತಳಪದರವಾಗುವ ಸಿಲಿಕೋನ್ ಪ್ರೈಮರ್ ಮೂರನ್ನೂ ಅವಸರದಲ್ಲಿ ಒಂದರ ಮೇಲೊಂದು ಹಚ್ಚಿ ಸ್ಪಂಜು ಒತ್ತಿದ್ದೇ ತಡ, ಕೆನ್ನೆಯ ಮೇಲೆಲ್ಲ ಅಳಿಸುವ ರಬ್ಬರಿನ ಪುಡಿಯಂತೆ ಸುರುಳಿಗಳು ಎದ್ದವು. ಪೂರ್ತಿ ತೊಳೆದು, ಮಾಯಿಶ್ಚರೈಸರನ್ನು ತೆಳ್ಳಗೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಪ್ರೈಮರನ್ನು ಮೂಗಿನ ಅಕ್ಕಪಕ್ಕಕ್ಕೆ ಮಾತ್ರ ಸೀಮಿತಗೊಳಿಸಿದಾಗ ಸರಿಹೋಯಿತು. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಮುಖ ಬಿಳಿಚಿಕೊಂಡಂತೆ ಕಂಡಿತು. ಸನ್‌ಸ್ಕ್ರೀನಿನಲ್ಲಿರುವ ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವಾದ್ದರಿಂದ, ಆರತಕ್ಷತೆಯ ಸಂಜೆಗೆ ಸನ್‌ಸ್ಕ್ರೀನ್ ಬೇಡವೆಂದು ಬರೆದುಕೊಂಡೆ.

ಏಪ್ರಿಲ್ 26

ಅರಿಶಿನದ ಪ್ರಶ್ನೆ. ಮುಖಕ್ಕೆ ಅರಿಶಿನವನ್ನು ಸುಮ್ಮನೆ ಸೋಕಿಸಿದರೆ ಸಾಲದೇ ಎಂದು ಅಜ್ಜಿಯನ್ನು ಕೇಳಿದೆ. "ಅರಿಶಿನ ಹತ್ತದ ಮದುವಣಗಿತ್ತಿಯನ್ನು ಎಲ್ಲಾದರೂ ಕಂಡಿದ್ದೀಯೇನೇ?" ಎಂಬಲ್ಲಿಗೆ ಚರ್ಚೆ ಮುಗಿಯಿತು. ಹಾಗಾಗಿ ದೇವರಾಜ ಮಾರುಕಟ್ಟೆಯ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ಚರ್ಮಕ್ಕೆ ಬಣ್ಣ ಹತ್ತುವುದು ಕಡಿಮೆಯೆಂಬ ಕಸ್ತೂರಿ ಅರಿಶಿನದ ಕೊಂಬನ್ನೇ ತಂದು ಮನೆಯಲ್ಲಿ ತೇಯ್ದೆ; ಪುಡಿಯಾಗಿ ಕೊಂಡರೆ ಅದು ಕಸ್ತೂರಿಯೋ ಅಡುಗೆಯದೋ ಎಂದು ಹೇಳುವುದು ಕಷ್ಟ. ತಂಗಿಯ ಎಡ ಮುಂಗೈಗೆ ಅಡುಗೆಯ ಅರಿಶಿನ, ಬಲಕ್ಕೆ ಕಸ್ತೂರಿ, ಇಪ್ಪತ್ತು ನಿಮಿಷ.

ಸೋಪಿನಿಂದ ತೊಳೆದಾಗ ಎಡಗೈ ಒರೆಸಿದ ಬಿಳಿ ಟವೆಲ್ಲಿನ ಮೇಲೆ ಇಟ್ಟಿಗೆ ಬಣ್ಣದ ಮಚ್ಚೆ ಮೂಡಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಹಿಂದಿರುವ ಗುಣವೇ ಇದು. ಸೋಪಿನ ಕ್ಷಾರ ತಗುಲಿದರೆ ಅರಿಶಿನದ ಹಳದಿ ಕೆಂಪಿಗೆ ತಿರುಗುತ್ತದೆ. ಅರಿಶಿನದ ಹಳದಿ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬೇಬಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಉಜ್ಜದೆ ಒತ್ತಿ ತೆಗೆದಾಗ ಎಡಗೈಯ ಬಣ್ಣ ಬಹುಪಾಲು ಇಳಿಯಿತು. ಬಲಗೈಯಲ್ಲಿ ಕಲೆಯೇ ನಿಂತಿರಲಿಲ್ಲ. ಎಡಗೈಯ ಉಳಿದ ಹಳದಿಯ ಮೇಲೆ ಫೌಂಡೇಶನ್ ಹಚ್ಚಿ ನೋಡಿದರೆ ಕಿತ್ತಳೆಯ ಛಾಯೆ ಬಂತು. ಕಸ್ತೂರಿಗೆ ಅಜ್ಜಿಯ ಒಪ್ಪಿಗೆಯೂ ಸಿಕ್ಕಿತು, ಹೆಸರಿನಲ್ಲಿ ಅರಿಶಿನವಿದೆಯಲ್ಲ ಎಂಬ ಕಾರಣಕ್ಕೆ.

ಮೇ 4

ಹುಬ್ಬಿಗೆ ಥ್ರೆಡ್ಡಿಂಗ್, ಕೈಗಳಿಗೆ ವ್ಯಾಕ್ಸಿಂಗ್ ಇಂದೇ ಮುಗಿದವು, ಕೆಂಪು ಇಳಿಯಲು ಐದು ದಿನ ಸಿಗಲಿ ಎಂದು. ಮುಖಕ್ಕೆ ವ್ಯಾಕ್ಸ್ ಬೇಡವೆಂದೆ. ಪಾರ್ಲರಿನವರು ಹೇಳಿದ ಫೇಶಿಯಲ್ಲನ್ನೂ ನಿರಾಕರಿಸಿದೆವು.

ಮೇ 9

ಒಂಬತ್ತಕ್ಕೆ ಅರಿಶಿನ ಶಾಸ್ತ್ರ. ಕಸ್ತೂರಿಯ ಬಟ್ಟಲನ್ನು ಮುತ್ತೈದೆಯರ ಮುಂದೆ ನಾನೇ ಇಟ್ಟಿದ್ದೆ. ಮೂರನೆಯವರಾಗಿ ಬಂದ ಸೋದರತ್ತೆ ತಮ್ಮದೇ ತಟ್ಟೆಯಿಂದ ಅಡುಗೆಯ ಅರಿಶಿನವನ್ನು ಎರಡೂ ಅಂಗೈಗಳಲ್ಲಿ ತೆಗೆದುಕೊಂಡು, ಪ್ರೀತಿಯಿಂದ, ಎರಡೂ ಕೆನ್ನೆಗಳಿಗೆ ತೀಡಿಬಿಟ್ಟರು. ಆ ಹೊತ್ತಿನಲ್ಲಿ ಏನು ಹೇಳಲು ಸಾಧ್ಯ?

ಎಣ್ಣೆಯ ಹತ್ತಿ ಎರಡು ಸುತ್ತು, ನಂತರ ಫೇಸ್‌ವಾಶ್ ಒಮ್ಮೆ. ಕೂದಲಿನ ಅಂಚಿನಲ್ಲಿಯೂ ಮೂಗಿನ ಮಡಿಕೆಯಲ್ಲಿಯೂ ಉಳಿದ ಹಳದಿಯ ಮೇಲೆ ನೇರಳೆ ಛಾಯೆಯ ಕರೆಕ್ಟರನ್ನು ಚುಕ್ಕೆಯಷ್ಟು ಇಟ್ಟು ಫೌಂಡೇಶನ್ ಹಚ್ಚಿದೆ. ಆರತಕ್ಷತೆಯ ದೀಪಗಳಡಿಯಲ್ಲಿ ಅದು ಕಾಣಲಿಲ್ಲ. ರಾತ್ರಿ ಹನ್ನೊಂದಕ್ಕೆ, ಛಾಯಾಗ್ರಾಹಕರ "ಇನ್ನೊಂದೇ ಒಂದು" ಎಂಬ ಕೋರಿಕೆಗಳ ನಡುವೆಯೇ ಅವಳನ್ನು ಎಬ್ಬಿಸಿಕೊಂಡು ಹೋಗಿ ಪೂರ್ತಿ ತೆಗೆಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚಿ ಮಲಗಿಸಿದೆ.

ಮೇ 10

ನಿದ್ದೆ ಸಾಲದೆ ಕಣ್ಣುಗಳ ಕೆಳಗೆ ಊದಿತ್ತು. ತಣ್ಣೀರಿನ ಬಟ್ಟೆಯಿಟ್ಟು ಹತ್ತು ನಿಮಿಷ ಕಾದೆ. ನಿನ್ನೆಯ ಅರ್ಧದಷ್ಟು ಫೌಂಡೇಶನ್ ಸಾಕಾಯಿತು. ಹೋಮದ ಹೊಗೆಯನ್ನೂ ಮಧ್ಯಾಹ್ನದ ಸೆಖೆಯನ್ನೂ ಮೇಕಪ್ ತಡೆದುಕೊಂಡಿತು. ಹೆಣ್ಣು ಒಪ್ಪಿಸಿಕೊಡುವಾಗ ಅವಳು ಅತ್ತಳು, ಚಿಕ್ಕಮ್ಮ ಇನ್ನೂ ಹೆಚ್ಚು ಅತ್ತರು. ನಾನು ಟಿಶ್ಯೂ ಹಿಡಿದು ಮುಂದೆ ಹೋದವಳು ಅವಳ ಕೆನ್ನೆಯನ್ನು ಮುಟ್ಟದೆ ಹಿಂತಿರುಗಿದೆ, ಒರೆಸುವಂಥದ್ದೇನೂ ಇರಲಿಲ್ಲ.

ವೈದ್ಯರ ಮುಂದಿನ ಭೇಟಿ ಜೂನ್‌ನಲ್ಲಿದೆ. ಉಳಿದ ಕಸ್ತೂರಿ ಕೊಂಬನ್ನು ಅಜ್ಜಿ ತಮ್ಮ ಡಬ್ಬಿಗೆ ಸೇರಿಸಿಕೊಂಡಿದ್ದಾರೆ.