ಚಿಕ್ಕಮ್ಮನ ಸಂಚಿ ಮತ್ತು ಕಡಲೆಕಾಯಿ ಪರಿಷೆ

ತಿಪಟೂರಿನಿಂದ ಚಿಕ್ಕಮ್ಮ ಪರಿಷೆ ನೋಡೋಕೆ ಬರ್ತೀನಿ ಅಂತ ಫೋನ್ ಮಾಡಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಒಂದು ಸಲವೂ ನೋಡಿಲ್ಲ. 2025ರ ನವೆಂಬರ್ 17, ಕಡೇ ಕಾರ್ತಿಕ ಸೋಮವಾರ. ರಜೆ ಹಾಕಿ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೊರಟೆ. ಊರಿನೊಳಗೇ ಓಡಾಡಿದ್ದನ್ನು ಪ್ರವಾಸ ಅನ್ನಬಹುದಾ ಗೊತ್ತಿಲ್ಲ. ಚಿಕ್ಕಮ್ಮನ ಪಾಲಿಗಂತೂ ಅದು ಪ್ರವಾಸವೇ.

ಬಸ್ಸಿನಿಂದ ಇಳಿದವರ ಒಂದು ಕೈಯಲ್ಲಿ ವೈರ್ ಬುಟ್ಟಿ, ಅದರೊಳಗೆ ನಾಲ್ಕು ತೆಂಗಿನಕಾಯಿ. ಸೊಂಟದಲ್ಲಿ ಹಳೇ ಎಲೆ‌ಅಡಿಕೆ ಸಂಚಿ. ಎಲೆ‌ಅಡಿಕೆ ಬಿಟ್ಟು ಎಷ್ಟೋ ವರ್ಷ ಆಯಿತು, ಈಗ ಅದರಲ್ಲಿ ಇರೋದು ದುಡ್ಡು. ಒಂದು ಅರೆಯಲ್ಲಿ ನೋಟು, ಇನ್ನೊಂದರಲ್ಲಿ ಚಿಲ್ಲರೆ, ಮೂರನೆಯದರಲ್ಲಿ ಆಧಾರ್ ಕಾರ್ಡು.

"ಕಾಯಿ ಯಾಕೆ ಹೊತ್ಕೊಂಡು ಬಂದ್ರಿ, ಇಲ್ಲಿ ಸಿಗಲ್ವಾ?" ಅಂದೆ.

"ಏನು ರೇಟು ಇಲ್ಲಿ?"

ಹೇಳಿದೆ.

"ಹಂಗಾದ್ರೆ ಸುಮ್ನೆ ಬುಟ್ಟಿ ಹಿಡ್ಕೊ."

ಎರಡು ವರ್ಷದ ಹಿಂದೆ ಇದೇ ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಬಿತ್ತು ಅಂತ ರೈತರು ಧರಣಿ ಕೂತಿದ್ದರು. 2025ಕ್ಕೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಅಂತ ಕೇಂದ್ರ ಸರ್ಕಾರ ಹೇಳಿದರೆ, ತಿಪಟೂರು ಮಾರುಕಟ್ಟೆ ಅದರ ಎರಡು ಪಟ್ಟು ದಾಟಿ ಹೋಯಿತು. ನಿಮಗೆ ಒಳ್ಳೇದೇ ಆಯ್ತಲ್ಲ ಅಂದೆ. "ಬೆಲೆ ಐತೆ, ಮರದಲ್ಲಿ ಕಾಯಿ ಇಲ್ಲ" ಅಂದರು. ಪೇಪರಿನಲ್ಲಿ ಅರ್ಧ ಪುಟ ಓದಿದರೂ ನನಗೆ ಇಷ್ಟು ತಿಳಿದಿರಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತಾ ಅಂತ ಕೇಳಿದೆ. ಅದೊಂದು ಕಥೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ಅರ್ಧ ಸೀಟು ಗಂಡಸರಿಗೆ ಅಂತ ನಿಯಮವೂ ಇದೆ. ಯಾರೋ ಒಬ್ಬ ಗಂಡಸು "ದುಡ್ಡು ಕೊಟ್ಟೋರು ನಾವು ನಿಂತಿದೀವಿ" ಅಂತ ಗೊಣಗಿದನಂತೆ. ಚಿಕ್ಕಮ್ಮ ಏನೂ ಅನ್ನಲಿಲ್ಲವಂತೆ. ಅದನ್ನು ನಾನು ನಂಬುವುದಿಲ್ಲ. ಬಿಟ್ಟಿ ಭಾಗ್ಯದಿಂದ ರಾಜ್ಯ ಹಾಳಾಯಿತು ಅನ್ನುವ ವಾದವನ್ನು ಆಫೀಸಿನಲ್ಲಿ ವಾರಕ್ಕೊಂದು ಸಲ ಕೇಳುತ್ತೇನೆ. ಖಜಾನೆ ಲೆಕ್ಕ ಸುಳ್ಳಲ್ಲ, ದುಡ್ಡು ಎಲ್ಲಿಂದಲಾದರೂ ಬರಲೇಬೇಕು. ಆದರೆ ಚಿಕ್ಕಪ್ಪ ಇದ್ದಷ್ಟು ದಿನ ಚಿಕ್ಕಮ್ಮ ಒಬ್ಬರೇ ತಿಪಟೂರು ದಾಟಿದ್ದು ನನಗೆ ನೆನಪಿಲ್ಲ. ಈಗ ಯಾರನ್ನೂ ದುಡ್ಡು ಕೇಳದೆ, ಯಾರಿಗೂ ಹೇಳದೆ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದಾರೆ.

ಮೆಟ್ರೊ ಸ್ಟೇಷನ್ನಿನಲ್ಲಿ ಅವರ ಮೊದಲ ಪ್ರಶ್ನೆಯೂ ಅದೇ. "ಇದರಲ್ಲಿ ಫ್ರೀ ಇಲ್ವೇನೋ?"

ಇಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿಸಿ, 60 ರೂಪಾಯಿ ಇದ್ದ ಗರಿಷ್ಠ ಟಿಕೆಟ್ಟನ್ನು 90 ಮಾಡಿದ್ದಾರೆ ಅಂತ ಹೇಳಿದೆ. ಇಬ್ಬರಿಗೂ ಫೋನಿನಲ್ಲೇ ಟಿಕೆಟ್ ತೆಗೆಯಲು ಹೊರಟರೆ ಒಪ್ಪಲಿಲ್ಲ. ತನ್ನದು ತನ್ನ ಕೈಯಲ್ಲಿರಬೇಕು. ಟೋಕನ್ ಕೊಡಿಸಿದೆ. ಬುಟ್ಟಿ ಸ್ಕ್ಯಾನರ್ ಒಳಗೆ ಹೋದಾಗ ಸೆಕ್ಯುರಿಟಿ ಹುಡುಗಿ ಪರದೆ ನೋಡಿ ಒಂದು ಕ್ಷಣ ಗಾಬರಿಯಾದಳು. ನಾಲ್ಕು ಗುಂಡು! "ಕಾಯಿ ಕಣಮ್ಮ, ನಮ್ ತೋಟದ್ದು" ಅಂದರು ಚಿಕ್ಕಮ್ಮ. ಅವಳು ನಕ್ಕು ಬಿಟ್ಟಳು.

ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ತನಕ ನೆಲದೊಳಗೆ ಕತ್ತಲು. ಅದಾದ ಮೇಲೆ ರೈಲು ಮೇಲೆದ್ದು ಬೆಳಕಿಗೆ ಬರುತ್ತದೆ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದೆವು. ಗಾಂಧಿ ಬಜಾರಿನ ತನಕ ನಡಿಗೆ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರ ಗುಂಪು. "ದೋಸೆಗೆ ಇಷ್ಟು ಹೊತ್ತು ನಿಲ್ತಾರಾ? ಮನೇಲಿ ಹಿಟ್ಟಿಲ್ವಾ?" ಅಂತ ಚಿಕ್ಕಮ್ಮ ಸ್ವಲ್ಪ ಜೋರಾಗಿಯೇ ಕೇಳಿದರು. ನಾನು ಬೇಗ ಬೇಗ ಹೆಜ್ಜೆ ಹಾಕಿದೆ.

ಬುಲ್ ಟೆಂಪಲ್ ರಸ್ತೆಗೆ ತಿರುಗಿದ ಮೇಲೆ ಬೇರೆಯದೇ ಲೋಕ. ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ. ಹಸಿ, ಒಣಗಿದ್ದು, ಹುರಿದಿದ್ದು, ಬೇಯಿಸಿದ್ದು. ಎರಡು ಕಾಳಿನದು, ಮೂರು ಕಾಳಿನದು. ಮಣ್ಣಿನ ವಾಸನೆಯ ಜೊತೆ ಹುರಿದ ವಾಸನೆ. ನಡುನಡುವೆ ಬತ್ತಾಸು, ಕಲ್ಯಾಣಸೇವೆ, ಬಳೆ, ಪೀಪಿ. ಪ್ಲಾಸ್ಟಿಕ್ ಬೇಡ, ಕೈಚೀಲ ತನ್ನಿ ಅಂತ ಬೋರ್ಡು. ನನ್ನ ಹತ್ತಿರ ಚೀಲ ಇರಲಿಲ್ಲ, ಚಿಕ್ಕಮ್ಮನ ಬುಟ್ಟಿ ಇತ್ತು.

ಹಿಂದೆ ಇದು ಸುಂಕೇನಹಳ್ಳಿ. ಹುಣ್ಣಿಮೆಗೊಂದು ಸಲ ಬಸವ ಬಂದು ಕಡಲೆಕಾಯಿ ಹೊಲ ಮೇಯುತ್ತಿತ್ತಂತೆ. ಕೊನೆಗೆ ರೈತರು ಮೊದಲ ಫಸಲನ್ನು ಅದಕ್ಕೇ ಒಪ್ಪಿಸುತ್ತೇವೆ ಅಂತ ಹರಕೆ ಹೊತ್ತರಂತೆ. ಕೆಂಪೇಗೌಡರು ಗುಡಿ ಕಟ್ಟಿಸಿದರು ಅನ್ನುತ್ತಾರೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಮೇಲೆ ಈ ಕಡೆ ಬಂದಿದ್ದು ಅಂತ ನನ್ನ ಬುದ್ಧಿವಂತಿಕೆ ತೋರಿಸಿದೆ. "ಬಸವಣ್ಣ ತಿಂದಿದ್ದು ಏನಾದ್ರೇನು, ಹೊಲ ಹೋಗಿದ್ದು ರೈತನದೇ ತಾನೆ" ಅಂದರು. ಅಲ್ಲಿಗೆ ನನ್ನ ಇತಿಹಾಸ ಪಾಠ ಮುಗಿಯಿತು.

ಒಬ್ಬಾಕೆ ಸೇರಿನಲ್ಲಿ ಅಳೆದು ಕೊಡುತ್ತಿದ್ದರು. ಸೇರಿಗೆ 60 ರೂಪಾಯಿ. ಚಿಕ್ಕಮ್ಮ ಎರಡು ಸೇರು ಹಾಕಿಸಿ, ಕೊಸರು ಕೇಳಿ, ಅದು ಸಿಕ್ಕ ಮೇಲೆ ಇನ್ನೊಂದು ಹಿಡಿ ತಾವೇ ತಗೊಂಡರು. ನಾನು ಸ್ಕ್ಯಾನ್ ಮಾಡೋಕೆ ಫೋನ್ ತೆಗೆದೆ. "ಕ್ಯಾಶ್ ಕೊಡಿ ಅಣ್ಣ" ಅಂದರು ಆಕೆ.

ಜುಲೈನ ಗಲಾಟೆ ನೆನಪಾಯಿತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಅನ್ನೋದು ನಿಯಮ. ಬೇಕರಿ, ಹಾಲು, ತರಕಾರಿ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು "ನೋ ಯುಪಿಐ" ಚೀಟಿ ಅಂಟಿಸಿದರು. ಮುಖ್ಯಮಂತ್ರಿ ಮಾತುಕತೆ ನಡೆಸಿದ ಮೇಲೆ ತಣ್ಣಗಾಯಿತು. ಆದರೆ ಹೆದರಿಕೆ ಅಷ್ಟು ಬೇಗ ಹೋಗಲ್ಲ, ಅಲ್ವಾ? 2016ರಲ್ಲಿ ನೋಟು ರದ್ದಾದಾಗ ಫೋನಿಗೆ ಬನ್ನಿ ಅಂದರು. ಬಂದರು. ಬಂದವರ ಮನೆಗೆ ನೋಟಿಸ್ ಬಂತು. ಎರಡು ಸೇರು ಕಡಲೆಕಾಯಿ ಮಾರುವ ಈಕೆಗೆ 40 ಲಕ್ಷದ ಭಯ ಬೇಕಿಲ್ಲ. ಹಾಗಂತ ಅವರಿಗೆ ಹೇಳೋಕೆ ನಾನ್ಯಾರು? ನನ್ನ ಜೇಬಿನಲ್ಲಿ ನಯಾಪೈಸೆ ಇರಲಿಲ್ಲ. ಸಂಚಿಯ ದಾರ ಬಿಚ್ಚಿತು. 120.

ಗುಡಿಯೊಳಗಿನ ಬಸವ ಸುಮಾರು 15 ಅಡಿ ಎತ್ತರ. ನೂಕುನುಗ್ಗಲಿನಲ್ಲಿ ನೋಡಿದ್ದು ಅರ್ಧ ನಿಮಿಷ. ವೃಷಭಾವತಿ ನದಿ ಇವನ ಪಾದದಡಿ ಹುಟ್ಟುತ್ತದೆ ಅಂತ ನಂಬಿಕೆ. ಅದೇ ನದಿ ಮೈಸೂರು ರಸ್ತೆಯ ಪಕ್ಕ ಕಪ್ಪಗೆ, ನೊರೆ ಕಕ್ಕುತ್ತಾ ಹರಿಯೋದು ನಿಮಗೂ ಗೊತ್ತು. ಕಿಟಕಿ ಮುಚ್ಚಿಕೊಳ್ಳುತ್ತೇವೆ, ಅಷ್ಟೇ. ಚಿಕ್ಕಮ್ಮನಿಗೆ ಹುಟ್ಟಿದ ಜಾಗದ ಕಥೆ ಮಾತ್ರ ಹೇಳಿದೆ. ಅವರು ಕೈಮುಗಿದರು. ಹರಿಯುವ ಜಾಗ ತೋರಿಸುವ ಧೈರ್ಯ ಬರಲಿಲ್ಲ.

ಹೊರಗೆ ಬರುವ ಹೊತ್ತಿಗೆ ನನ್ನ ಫೋನ್ ಸತ್ತಿತ್ತು. ರಾಶಿ ರಾಶಿ ವಿಡಿಯೊ ತೆಗೆದಿದ್ದೆ, ತಪ್ಪು ನನ್ನದೇ. ಅಲ್ಲಿಂದ ಮುಂದೆ ಚಿಕ್ಕಮ್ಮನೇ ನನ್ನ ಬ್ಯಾಂಕು. ಎರಡು ಕಾಫಿಗೆ 40 ಅವರೇ ಕೊಟ್ಟರು. ಆಟೋ ಕೇಳಿದರೆ ಮೆಜೆಸ್ಟಿಕ್‌ಗೆ 200 ಅಂದ. ಮೊದಲ ಎರಡು ಕಿಲೋಮೀಟರ್‌ಗೆ 36, ಆಮೇಲೆ ಕಿಲೋಮೀಟರ್‌ಗೆ 18 ಅನ್ನೋದು ಆಗಸ್ಟ್‌ನಿಂದ ಇರುವ ಮೀಟರ್ ದರ. ಪರಿಷೆ ದಿನ ಮೀಟರಿಗೂ ರಜೆ. "ನಡಿ, ಬಸ್ಸಿಗೆ ಹೋಗೋಣ" ಅಂದರು.

ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಅವರಿಗೆ ಶೂನ್ಯ ಟಿಕೆಟ್ ಹರಿದು ಕೊಟ್ಟು, ನನ್ನ ಕಡೆ ತಿರುಗಿ ಕೈಚಾಚಿದರು. ನಾನು ಚಿಕ್ಕಮ್ಮನ ಮುಖ ನೋಡಿದೆ. ಚಿಲ್ಲರೆ ಎಣಿಸಿ ಕೊಟ್ಟು, "ನನ್ನ ಟಿಕೆಟ್ಟು ಸರ್ಕಾರ ಕೊಡ್ತು, ನಿನ್ನದು ನಾನು ಕೊಟ್ಟೆ. ಇದು ಲೆಕ್ಕಕ್ಕಿಲ್ಲ" ಅಂದರು.

ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ ಹೊರಡೋಕೆ ನಿಂತಿತ್ತು. ಕಿಟಕಿ ಪಕ್ಕ ಕೂತು ಬುಟ್ಟಿಯಿಂದ ನಾಲ್ಕೂ ತೆಂಗಿನಕಾಯಿ, ಒಂದು ಸೇರು ಕಡಲೆಕಾಯಿ ನನ್ನ ತೋಳಿಗೆ ದಾಟಿಸಿದರು. ಆಮೇಲೆ ಸಂಚಿಯಿಂದ 50ರ ನೋಟು ತೆಗೆದರು. "ನೀನು ಮನೆಗೆ ಹೆಂಗೆ ಹೋಗ್ತೀಯ? ಹಿಡ್ಕೊ. ಎಲ್ಲಾ ಸೇರಿ 210."

"ಈ ರಾತ್ರಿನೇ ಕಳಿಸ್ತೀನಿ" ಅಂದೆ.

"ಎಲ್ಲಿಗೆ ಕಳಿಸ್ತೀಯ?"

ನಿಜ. ಅವರದ್ದು ಗುಂಡಿ ಒತ್ತುವ ಫೋನು.

ಬಸ್ ಹೋಯಿತು. ಟೋಕನ್ ಕೌಂಟರಿನ ಸಾಲಿನಲ್ಲಿ ನಿಂತೆ, ಕಾಯಿ ತಬ್ಬಿಕೊಂಡು. ಸೆಕ್ಯುರಿಟಿಯಲ್ಲಿ ಬೆಳಗಿನ ಹುಡುಗಿ ಇರಲಿಲ್ಲ. "ಏನ್ ಸಾರ್ ಇದು?" ಅಂದ ಹೊಸಬ.

"ತಿಪಟೂರು ಕಾಯಿ, ನಮ್ಮ ತೋಟದ್ದು" ಅಂದೆ. ಅಂಗಿ ಜೇಬಿನಲ್ಲಿ ಚಿಕ್ಕಮ್ಮನ ನೋಟಿನ ಚಿಲ್ಲರೆ ಸದ್ದು ಮಾಡುತ್ತಿತ್ತು.