ಅಂಕಿತವಿಲ್ಲದ ವಾದ್ಯ

ಕಲಬುರಗಿಯ ಈ ಶಾಲೆಗೆ ನಾನು 2013ರಲ್ಲಿ ಎಂಟನೇ ತರಗತಿಗೆ ಸೇರಿದಾಗ, ಬ್ಯಾಂಡ್ ಕೋಣೆಯೆಂದರೆ ಸೈಕಲ್ ನಿಲ್ಲಿಸುವ ಜಾಗದ ಹಿಂದಿದ್ದ ಒಂದು ತಗಡಿನ ಶೆಡ್ಡು. ಅಲ್ಲಿ ನಮಗೆ ಟ್ರಂಪೆಟ್ ಕಲಿಸಿದವರನ್ನು ನಾವು ‘ಬ್ಯಾಂಡ್ ಮಾಸ್ತರರು’ ಎಂದಷ್ಟೇ ಕರೆಯುತ್ತಿದ್ದೆವು. ತಮ್ಮ ಹೆಸರು ಎಲ್ಲಿಯೂ ಅಚ್ಚಾಗುವುದನ್ನು ಅವರು ಇಷ್ಟಪಡುತ್ತಿರಲಿಲ್ಲವಾದ್ದರಿಂದ ಇಲ್ಲಿಯೂ ಬರೆಯುತ್ತಿಲ್ಲ. ಬೇರೆಯವರ ಹೆಸರು ಬಿಟ್ಟುಹೋದರೆ ಮಾತ್ರ ಅವರು ಸುಮ್ಮನಿರುತ್ತಿರಲಿಲ್ಲ.

ಶಾಲೆಗೆ ಬರುವ ಮುಂಚೆ ಅವರು ಬಹಳ ವರ್ಷ ಮದುವೆಯ ಬ್ಯಾಂಡಿನಲ್ಲಿ ಊದಿದವರು. ವೈಶಾಖದ ಬಿಸಿಲಲ್ಲಿ ಹಿತ್ತಾಳೆ ತುಟಿ ಸುಡುತ್ತಿದ್ದರೂ, ಪಿಸ್ಟನ್ನಿನ ಎಣ್ಣೆ ಒಣಗಿ ಬೆರಳಿಗೆ ಸಿಕ್ಕಿಕೊಳ್ಳುತ್ತಿದ್ದರೂ, ಮೆರವಣಿಗೆ ನಿಲ್ಲುವಂತಿರಲಿಲ್ಲ. ಆ ಕಷ್ಟವನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಅಷ್ಟು ಹಾಡು ಊದಿದರೂ ‘ಇದು ಯಾರು ಕಟ್ಟಿದ್ದು’ ಎಂದು ಒಬ್ಬರೂ ಕೇಳಲಿಲ್ಲವೆಂಬ ಮಾತಿಗೆ ಬಂದಾಗ ಮಾತ್ರ ನಗು ನಿಲ್ಲುತ್ತಿತ್ತು. ನಮ್ಮದೇ ಜಿಲ್ಲೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದವನ್ನೋ ಅವರ ಶಿಷ್ಯಪರಂಪರೆಯ ಚೆನ್ನೂರ ಜಲಾಲಸಾಹೇಬರ ಪದವನ್ನೋ ಹಾಡಿದರೆ, ಕೊನೆಯ ನುಡಿಯ ಅಂಕಿತದಿಂದಲೇ ಅದು ಯಾರದೆಂದು ತಿಳಿಯುತ್ತದೆ; ಅದೇ ಪದವನ್ನು ಟ್ರಂಪೆಟ್ಟಿನಲ್ಲಿ ಊದಿದರೆ ಧಾಟಿ ಉಳಿದು ಅಂಕಿತ ಬಿದ್ದುಹೋಗುತ್ತದೆ. ಆದ್ದರಿಂದ ನುಡಿಸುವ ಮುನ್ನ ರಚಿಸಿದವರ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕು ಎಂಬುದು ಆ ಶೆಡ್ಡಿನ ಕಟ್ಟಳೆಯಾಗಿತ್ತು.

ಪಾಠ್ಯಪುಸ್ತಕದಲ್ಲಿರುವ ನಾಲ್ಕಾರು ದೊಡ್ಡ ಹೆಸರುಗಳಿಗೆ ಮೀರಿ ನಮ್ಮನ್ನು ಕರೆದೊಯ್ಯಲು ಅವರು ಹಿಡಿದ ದಾರಿ ವಿಚಿತ್ರವಾಗಿತ್ತು. ಆ ದೊಡ್ಡ ಹೆಸರುಗಳಲ್ಲೊಂದರಿಂದಲೇ ಅವರು ಆರಂಭಿಸುತ್ತಿದ್ದರು. ವಿಯೆನ್ನಾದ ಆಂಟೋನ್ ವೈಡಿಂಗರ್ ಎಂಬ ವಾದಕನು ಕೊಳವೆಗೆ ರಂಧ್ರ ಕೊರೆದು ಕೀಲಿಗಳನ್ನು ಜೋಡಿಸಿದ ಹೊಸ ಬಗೆಯ ಟ್ರಂಪೆಟ್ಟನ್ನು ನುಡಿಸುತ್ತಿದ್ದುದರಿಂದ ಸಂಗೀತ ರಚನಕಾರ ಹೈಡನ್ 1796ರಲ್ಲಿ ಅವನಿಗಾಗಿ ಒಂದು ಕಂಚರ್ಟೊ, ಅಂದರೆ ಒಂಟಿ ವಾದ್ಯವನ್ನು ವಾದ್ಯವೃಂದದೊಡನೆ ನುಡಿಸುವ ಕೃತಿ, ಬರೆದನು. ಇಂದು ಟ್ರಂಪೆಟ್ ಕಲಿಯುವ ಪ್ರತಿಯೊಬ್ಬನೂ ಅಭ್ಯಾಸ ಮಾಡುವ ಆ ಕೃತಿಯನ್ನು ಜಗತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತೇಬಿಟ್ಟಿತ್ತು. ‘ಹೈಡನ್ನನದೇ ಮರೀತಾರಂದ್ರ, ಮರೆತದ್ದೆಲ್ಲ ಕಸ ಅಂತ ಹ್ಯಾಂಗ ಹೇಳ್ತೀರಿ?’ ಎಂದು ಕೇಳಿ, ಅವರು ಫ್ಲಾರೆನ್ಸ್ ಪ್ರೈಸ್ ಎಂಬ ಹೆಸರನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆದರು.

1887ರಲ್ಲಿ ಅಮೆರಿಕದ ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿ ಹುಟ್ಟಿದ ಈ ಕಪ್ಪು ಮಹಿಳೆಯ ಮೊದಲ ಸಿಂಫನಿಯನ್ನು 1933ರಲ್ಲಿ ಷಿಕಾಗೊ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಆ ಬಳಿಕವೂ ದೊಡ್ಡ ವಾದ್ಯಗೋಷ್ಠಿಗಳ ಬಾಗಿಲು ಆಕೆಗೆ ಹೆಚ್ಚೇನೂ ತೆರೆಯಲಿಲ್ಲ. ಆಕೆ 1953ರಲ್ಲಿ ತೀರಿಕೊಂಡರು. 2009ರಲ್ಲಿ ಪಾಳುಬಿದ್ದ ಮನೆಯೊಂದರಲ್ಲಿ ಆಕೆಯ ಹಸ್ತಪ್ರತಿಗಳ ರಾಶಿಯೇ ಸಿಕ್ಕಿತು. ಅದು ಒಂದು ಕಾಲಕ್ಕೆ ಆಕೆಯ ಬೇಸಿಗೆ ಮನೆಯಾಗಿತ್ತು. ಮಾಸ್ತರರು ಈ ಕತೆ ಹೇಳಿದ ದಿನ ನಮ್ಮಲ್ಲಿ ಒಬ್ಬ, ಇಲಿ ತಿಂದಿರಲಿಲ್ಲವೇ ಎಂದು ಕೇಳಿದ್ದು ನೆನಪಿದೆ.

ಆಕೆ ಆರ್ಗನ್‌ಗಾಗಿ ಬರೆದ ‘ಅಡೋರೇಷನ್’ ಎಂಬ ಚಿಕ್ಕ ಕೃತಿಯನ್ನು ಅವರು ಟ್ರಂಪೆಟ್ ಮತ್ತು ಹಾರ್ಮೋನಿಯಮ್ಮಿಗೆ ಅಳವಡಿಸಿದರು. ನಮ್ಮ ಟ್ರಂಪೆಟ್ಟಿನ ಸ್ವರಲಿಪಿಯಲ್ಲಿ ‘ಸಿ’ ಎಂದು ಬರೆದದ್ದು ಹಾರ್ಮೋನಿಯಮ್ಮಿನ ಕರಿ ಐದಕ್ಕೆ, ಅಂದರೆ ಐದನೆಯ ಕಪ್ಪು ಮನೆಗೆ, ಸರಿಹೊಂದುತ್ತದೆ. ಮೂಲದ ಶ್ರುತಿಯಲ್ಲಿ ಊದಿದರೆ ನಮ್ಮ ಪಾಲಿಗೆ ಅರ್ಧ ಸ್ವರ ಏರಿಸಿ ಊದಬೇಕಾದ ನಾಲ್ಕು ಶಾರ್ಪ್‌ಗಳು ಬರುತ್ತಿದ್ದುದರಿಂದ ಕರಿ ಐದನ್ನೇ ಷಡ್ಜವಾಗಿಟ್ಟು, ಇಡೀ ಕೃತಿಯನ್ನು ನೀಲಿ ಶಾಯಿಯಲ್ಲಿ ಕೈಯಾರೆ ಬರೆದುಕೊಟ್ಟರು. ಆರ್ಗನ್ನಿನಂತೆ ಹಾರ್ಮೋನಿಯಮ್ಮಿಗೂ ಗಾಳಿಯೇ ಉಸಿರಾದ್ದರಿಂದ ಜೊತೆಗೂಡಿಕೆ ಚೆನ್ನಾಗಿಯೇ ಕುದುರಿತು. ಆ ದೀರ್ಘ ಸ್ವರಗಳಿಗೆ ಉಸಿರು ಸಾಲದೆ ನಾನು ಎರಡು ತಿಂಗಳು ಒದ್ದಾಡಿದ್ದು ಬೇರೆ ಮಾತು.

ವಾರ್ಷಿಕೋತ್ಸವದ ಸಂಜೆ ನಿರೂಪಕರು ‘ಈಗ ವಾದ್ಯ ಸಂಗೀತ’ ಎಂದಷ್ಟೇ ಹೇಳಿ ಸರಿದರು. ನಾನೂ ಗಾಬರಿಯಲ್ಲಿ ಟ್ರಂಪೆಟ್ ಎತ್ತಿಬಿಟ್ಟೆ. ಹಾರ್ಮೋನಿಯಮ್ಮಿನ ಮುಂದೆ ಕುಳಿತಿದ್ದ ಮಾಸ್ತರರು ಗಾಳಿ ತುಂಬುವ ಬಾತೆಯಿಂದ ಕೈ ತೆಗೆದು ಸುಮ್ಮನೆ ಕುಳಿತರು. ನಾನು ಮೈಕಿನ ಬಳಿಗೆ ಹೋಗಿ ಫ್ಲಾರೆನ್ಸ್ ಪ್ರೈಸ್ ಎಂಬ ಹೆಸರು ಹೇಳಿದ ಮೇಲೆಯೇ ಅವರ ಕೈ ಮತ್ತೆ ಬಾತೆಗೆ ಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ಯಾರದೋ ಅಜ್ಜ ವೇದಿಕೆಯ ಬಳಿ ಬಂದು, ‘ಆ ಹೆಣ್ಮಗಳು ಯಾವೂರಾಕಿ?’ ಎಂದು ವಿಚಾರಿಸಿದರು. ಮಾಸ್ತರರ ಮುಖ ಅರಳಿತು. ‘ಲಿಟಲ್ ರಾಕ್ ಅಂತ ಊರ್ರಿ, ಅಲ್ಲೂ ಬ್ಯಾಸಗಿ ಭಾಳ’ ಎನ್ನುತ್ತ ಅಜ್ಜನಿಗೆ ಕುರ್ಚಿ ಎಳೆದು ಕೊಟ್ಟರು.